ಅಕ್ಕ ಎಳೆದ ಕಬ್ಬು, ತಮ್ಮ ಎಳೆದ ಕಬ್ಬು: ಟೈಮಿಂಗ್ ಮತ್ತು ಸ್ಪೇಸಿಂಗ್ ಟಿಪ್ಪಣಿ

ಮೂರು ವಾರ ಒಂದೇ ಕಬ್ಬಿನ ಜಲ್ಲೆ ಬಿಡಿಸುತ್ತಾ ಕೂತಿದ್ದೆ. ನಿನ್ನೆ ರಾತ್ರಿ ಕೊನೆಗೂ ಅದು ಕಬ್ಬಿನ ಹಾಗೆ ಕಂಡಿತು. ಮರೆತುಹೋಗುವ ಮೊದಲು ಬರೆದಿಡುತ್ತಿದ್ದೇನೆ. ನನ್ನ ಹಾಗೆ ಅನಿಮೇಷನ್ ಈಗಷ್ಟೇ ಕಲಿಯುತ್ತಿರುವವರಿಗೆ ಇದು. ಕೈ ಪಳಗಿದವರು ಓದಿ ನಗಬಹುದು.

ನಾನು ಮಾಡುತ್ತಿರುವುದು ಮಕ್ಕಳಿಗೆ ಎರಡೂವರೆ ನಿಮಿಷದ ಒಂದು ಚಿಕ್ಕ ಚಿತ್ರ. ಮಂಡ್ಯದ ಹತ್ತಿರದ ಹಳ್ಳಿ, ಸಂಕ್ರಾಂತಿ ಬೆಳಿಗ್ಗೆ. ಎಳ್ಳು ಬೀರಲು ಅಮ್ಮ ಕಬ್ಬನ್ನೆಲ್ಲ ತುಂಡು ಮಾಡಿ ತಟ್ಟೆಗೆ ಜೋಡಿಸಿದ್ದಾರೆ. ಜಗಲಿಯಲ್ಲಿ ಒಂದೇ ಒಂದು ಜಲ್ಲೆ ಉಳಿದಿದೆ. ಅಕ್ಕನಿಗೆ ಒಂಬತ್ತು ವರ್ಷ, ತಮ್ಮನಿಗೆ ಐದು. ಇಬ್ಬರಿಗೂ ಅದೇ ಬೇಕು. ಅಕ್ಕ ಮಂಡಿಗೆ ಕೊಟ್ಟು ಮುರಿಯುತ್ತಾಳೆ. ಉದ್ದದ ತುಂಡನ್ನು ತಮ್ಮನಿಗೆ ಕೊಟ್ಟು ಗಿಡ್ಡದ್ದನ್ನು ತಾನು ಇಟ್ಟುಕೊಳ್ಳುತ್ತಾಳೆ. ತಮ್ಮ ಬೀಗುತ್ತಾನೆ. ಕಚ್ಚಿ ನೋಡಿದರೆ ಸಪ್ಪೆ! ಅವನಿಗೆ ಬಂದಿದ್ದು ತುದಿ, ಬುಡ ಅಕ್ಕನ ಕೈಯಲ್ಲಿದೆ. ಅದನ್ನು ಬಿಸಾಕಿ ಅಕ್ಕನ ತುಂಡಿನ ಇನ್ನೊಂದು ಕೊನೆ ಹಿಡಿಯುತ್ತಾನೆ. ಅಲ್ಲಿಂದ ಜಗ್ಗಾಟ, ಆ ತುಂಡೂ ಮುರಿದು ಇಬ್ಬರೂ ಹಿಂದಕ್ಕೆ ಬೀಳುವ ತನಕ.

ಕತೆ ಎಲ್ಲಿಂದ ಬಂತು ಅಂತ ಕೇಳಬೇಡಿ. ನಾನು ಮನೆಯಲ್ಲಿ ಚಿಕ್ಕವನು, ಅಷ್ಟು ಸಾಕು.

ಲೆಕ್ಕ ಬೇಗ ಮುಗಿಸುತ್ತೇನೆ. ಒಂದು ಸೆಕೆಂಡಿಗೆ 24 ಫ್ರೇಮ್. ಪ್ರತಿ ಚಿತ್ರವನ್ನೂ ಎರಡೆರಡು ಫ್ರೇಮ್ ನಿಲ್ಲಿಸಿದರೆ ಸೆಕೆಂಡಿಗೆ 12 ಚಿತ್ರ ಸಾಕು. ಕಣ್ಣಿಗೆ ಅಷ್ಟೇ ನಡೆಯುತ್ತದೆ, ಕೈಗೂ ಉಸಿರಾಡಲು ಆಗುತ್ತದೆ. 150 ಸೆಕೆಂಡಿಗೆ 3600 ಫ್ರೇಮ್, ಅಂದರೆ ಹೆಚ್ಚೆಂದರೆ 1800 ಚಿತ್ರ. ಜನ ಸುಮ್ನೆ ನಿಂತಿರುವ ಕಡೆ ಇನ್ನೂ ಕಡಿಮೆ. ನಾನು ಬಳಸುವುದು ಕ್ರಿತಾ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್. ಬಿಟ್ಟಿ ಸಿಗುತ್ತದೆ, ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಹಿಂದಿನ ಮುಂದಿನ ಚಿತ್ರಗಳು ಮಸುಕಾಗಿ ಕಾಣುವ ಹಾಗೆ ಮಾಡುವ ಆನಿಯನ್ ಸ್ಕಿನ್ ಅದರಲ್ಲಿ ಇದೆ. ಮೊದಲ ದಿನವೇ ಅದನ್ನು ಆನ್ ಮಾಡಿಕೊಳ್ಳಿ. ಡಿಸ್ನಿಯಲ್ಲಿ ದಶಕಗಟ್ಟಲೆ ದುಡಿದ ಫ್ರ್ಯಾಂಕ್ ಥಾಮಸ್, ಒಲ್ಲಿ ಜಾನ್‌ಸ್ಟನ್ ಇಬ್ಬರೂ 1981ರಲ್ಲಿ ಅನಿಮೇಷನ್ನಿನ 12 ಸೂತ್ರ ಬರೆದಿಟ್ಟರಲ್ಲ, ಅವನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತೀರಿ. ಹನ್ನೊಂದು ನನಗೂ ಸಲೀಸಾಗಿ ಅರ್ಥವಾದವು. ಉಳಿದ ಒಂದು, ಟೈಮಿಂಗ್, ಮೂರು ವಾರ ತಿಂದಿತು.

ನಾನು ಎಡವಿದ ಜಾಗ

ಟೈಮಿಂಗ್ ಬೇರೆ, ಸ್ಪೇಸಿಂಗ್ ಬೇರೆ. ಹೇಳುವಾಗ ತಲೆ ಆಡಿಸುತ್ತೇವೆ. ಬಿಡಿಸುವಾಗ ಎರಡೂ ಕಲಸಿಹೋಗುತ್ತವೆ.

ಅಕ್ಕ ಕಬ್ಬನ್ನು ತನ್ನ ಕಡೆಗೆ ಎಳೆಯುವುದು ಒಂದು ಸೆಕೆಂಡಿನ ಚಲನೆ. ಮೊದಲ ಚಿತ್ರ, ಕೊನೆಯ ಚಿತ್ರ ಸೇರಿ 13 ಚಿತ್ರ, ನಡುವೆ 12 ಸಂದು. ಪರದೆಯ ಮೇಲೆ ಕಬ್ಬು ಸಾಗಬೇಕಾದ ದೂರ 120 ಮಿಲಿಮೀಟರ್. ನಾನು ನೀಟಾಗಿ ಭಾಗಿಸಿ ಒಂದೊಂದು ಸಂದಿಗೆ 10 ಮಿಲಿಮೀಟರ್ ಇಟ್ಟೆ. ಓಡಿಸಿ ನೋಡಿದರೆ ಅಕ್ಕ ಕಬ್ಬು ಎಳೆಯುತ್ತಿರಲಿಲ್ಲ, ಮೇಜಿನ ಡ್ರಾಯರ್ ತೆಗೆಯುತ್ತಿದ್ದಳು.

ಭಾರ ಸಾಲದು, ನಿಧಾನ ಮಾಡೋಣ ಅಂತ ಚಿತ್ರ ಹೆಚ್ಚಿಸಿದೆ. 13 ಇದ್ದದ್ದು 25 ಆಯಿತು, ಒಂದು ಸೆಕೆಂಡ್ ಎರಡಾಯಿತು. ಈಗ ಇಬ್ಬರೂ ಕೆರೆಯ ನೀರಿನೊಳಗೆ ನಿಂತು ಜಗ್ಗುವ ಹಾಗೆ ಕಂಡಿತು. ಸರಿ, ಬೇಗ ಮಾಡೋಣ ಅಂತ ಚಿತ್ರ ಕಿತ್ತುಹಾಕಿದೆ. ಆಗ ಕಬ್ಬು ಪೊರಕೆ ಕಡ್ಡಿಯಾಯಿತು. ಹೀಗೆ ಹೆಚ್ಚಿಸುವುದು, ಕಿತ್ತುಹಾಕುವುದು. ಎರಡು ವಾರ ಹೋಯಿತು. ನಾನು ಮುಟ್ಟುತ್ತಿದ್ದದ್ದು ಬರೀ ಟೈಮಿಂಗ್. ಕಾಯಿಲೆ ಇದ್ದದ್ದು ಸ್ಪೇಸಿಂಗಿನಲ್ಲಿ.

ಟೈಮಿಂಗ್ ಅಂದರೆ ಎಷ್ಟು ಹೊತ್ತು. ಸ್ಪೇಸಿಂಗ್ ಅಂದರೆ ಆ ಹೊತ್ತಿನೊಳಗೆ ಒಂದೊಂದು ಚಿತ್ರ ಎಲ್ಲಿ ಕೂರುತ್ತದೆ.

ನನ್ನ ತಲೆಗೆ ಇದು ಹೋದದ್ದು ಬಸ್ಸಿನಲ್ಲಿ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಎರಡು ಬಸ್ಸು ಒಟ್ಟಿಗೆ ಹೊರಟು ಸರಿಯಾಗಿ ಒಂದು ಗಂಟೆಗೆ ಒಟ್ಟಿಗೆ ತಲುಪಿದವು ಅಂದುಕೊಳ್ಳಿ. ಒಂದು ಬಸ್ಸು ಮೊದಲಿಂದ ಕೊನೆವರೆಗೂ ಒಂದೇ ಸಮ ಓಡಿತು. ಇನ್ನೊಂದು ಅರ್ಧ ಗಂಟೆ ಮಂಡ್ಯ ಊರೊಳಗೇ ಜನರನ್ನು ಕೂಗಿ ಕೂಗಿ ಹತ್ತಿಸಿಕೊಂಡಿತು. ಆಮೇಲೆ ಡ್ರೈವರಿಗೆ ಟೈಮ್ ನೆನಪಾಯಿತು. ಐದೈದು ನಿಮಿಷಕ್ಕೆ ಒಂದೊಂದು ಫೋಟೊ ತೆಗೆದರೆ ಎರಡೂ ಬಸ್ಸಿಗೆ 13 ಫೋಟೊ. ಮೊದಲನೆಯದರಲ್ಲಿ ಊರುಗಳು ಸಮವಾಗಿ ಬರುತ್ತವೆ. ಎರಡನೆಯದರಲ್ಲಿ ಆರೇಳು ಫೋಟೊ ಪೂರ್ತಿ ಮಂಡ್ಯವೇ. ಶ್ರೀರಂಗಪಟ್ಟಣ ಹಾಗೆ ಬಂದು ಹೀಗೆ ಹೋಗಿರುತ್ತದೆ. ದೂರ ಅದೇ, ಹೊತ್ತು ಅದೇ, ಫೋಟೊ ಲೆಕ್ಕವೂ ಅದೇ. ಆದರೆ ಮುಂದಿನ ಸೀಟಿನ ಕಂಬಿ ಹಿಡಿದು ಕೂರುವುದು ಯಾವ ಬಸ್ಸಿನಲ್ಲಿ ಹೇಳಿ?

ಇದು ಗೊತ್ತಾದ ಮೇಲೂ ಕೈಗೆ ಬರಲಿಲ್ಲ. ಅಕ್ಕನ ಸಂದುಗಳನ್ನು ಎಲ್ಲಿ ಹತ್ತಿರ ಇಡಬೇಕು, ಎಲ್ಲಿ ದೂರ? ಮೈಸೂರಿನಲ್ಲಿರುವ ನಮ್ಮ ಅಕ್ಕನ ಮನೆಗೆ ಹೋಗಿ ಲ್ಯಾಪ್‌ಟಾಪ್ ತೋರಿಸಿದೆ. ಅವಳಿಗೆ ಅನಿಮೇಷನ್ನಿನ ಗಂಧಗಾಳಿ ಇಲ್ಲ. ನೋಡಿದ ತಕ್ಷಣ ಹೇಳಿದಳು: "ನಾನು ಎಲ್ಲೋ ಹಿಂಗೆ ಎಳೀತಿದ್ದೆ? ಸುಮ್ನೆ ಬಿಗಿಯಾಗಿ ಹಿಡ್ಕೊಂಡು ನಿಂತಿರ್ತಿದ್ದೆ ಕಣೋ. ನೀನೇ ಕುಣಿದು ಕುಣಿದು ಸುಸ್ತಾಗ್ತಿದ್ದೆ. ಆಮೇಲೆ ನಾನು ಒಂದೇ ಸಲ ಕಿತ್ಕೊತಿದ್ದೆ."

ಮೂರು ವಾರದ ಪಾಠ ಅಲ್ಲೇ ಮುಗಿಯಿತು. ಅವಳು ಹೇಳಿದ್ದನ್ನು ಹಾಗೇ ಮಿಲಿಮೀಟರಿಗೆ ಇಳಿಸಿದೆ.

ಅಕ್ಕನ 12 ಸಂದು: 2, 2, 3, 3, 4, 6, 10, 15, 20, 25, 20, 10. ಕೂಡಿ ನೋಡಿ, 120 ಬರುತ್ತದೆ. ಮೊದಲ ಅರ್ಧ ಸೆಕೆಂಡಿನಲ್ಲಿ ಕಬ್ಬು ಸರಿದದ್ದು ಬರೀ 20 ಮಿಲಿಮೀಟರ್. ಉಳಿದ 100 ಇನ್ನರ್ಧದಲ್ಲಿ. ಸಂದು 2 ಇರುವ ಕಡೆ ಕಬ್ಬಿನ ವೇಗ ಸೆಕೆಂಡಿಗೆ 24 ಮಿಲಿಮೀಟರ್, 25 ಇರುವ ಕಡೆ 300. ಒಂದೇ ಸೆಕೆಂಡಿನೊಳಗೆ ಹನ್ನೆರಡು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಭಾರ ಅಂತ ನಮಗೆ ಅನಿಸುವುದು ಈ ವ್ಯತ್ಯಾಸವೇ. ಹೊಸದಾಗಿ ಒಂದು ಚಿತ್ರವನ್ನೂ ಸೇರಿಸಲಿಲ್ಲ. ಅವೇ 13 ಚಿತ್ರ, ಜಾಗ ಮಾತ್ರ ಬದಲಾಯಿತು.

ತಮ್ಮನದು ಇದಕ್ಕೆ ಉಲ್ಟಾ. ಅವನು ಇರುವ ಶಕ್ತಿಯನ್ನೆಲ್ಲ ಮೊದಲೇ ಸುರಿಯುತ್ತಾನೆ. ಅರ್ಧ ಸೆಕೆಂಡು, 60 ಮಿಲಿಮೀಟರ್, ಆರು ಸಂದು: 22, 18, 10, 6, 3, 1. ಶುರುವಿನಲ್ಲಿ ಗೆದ್ದೇಬಿಟ್ಟ ಅನಿಸಬೇಕು. ಕೊನೆಯಲ್ಲಿ ಕಾಲು ನಡುಗಬೇಕು.

ಇಬ್ಬರ ಮುಖ ತೆಗೆದುಹಾಕಿ ನೋಡಿದರೂ ಯಾರು ದೊಡ್ಡವರು, ಯಾರು ಚಿಕ್ಕವರು ಅಂತ ಈಗ ಗೊತ್ತಾಗುತ್ತದೆ. ಮೊದಲು ನಾನು ಹುಬ್ಬು ಗಂಟಿಕ್ಕಿಸಿ, ಹಲ್ಲು ಕಡಿಸಿ, ಮಾತಿನಲ್ಲಿ "ನಂದು! ನಂದು!" ಅನ್ನಿಸಿ ಜಗಳ ತೋರಿಸಲು ನೋಡಿದ್ದೆ. ಅದನ್ನೆಲ್ಲ ತೆಗೆದೆ. ಒಂದೇ ಒಂದು "ನಂದು" ಇದೆ, ಅದೂ ತಮ್ಮನದು.

ಚುಕ್ಕಿ ಪರೀಕ್ಷೆ

ಇದು ನನ್ನ ಮೆಚ್ಚಿನ ಅಡ್ಡದಾರಿ. ಕಬ್ಬಿನ ಒಂದು ಗೆಣ್ಣನ್ನು ಗುರುತಿಗೆ ಇಟ್ಟುಕೊಳ್ಳಿ. ಪ್ರತಿ ಚಿತ್ರದಲ್ಲೂ ಆ ಗೆಣ್ಣು ಇರುವ ಜಾಗಕ್ಕೆ ಒಂದು ಚುಕ್ಕಿ, ಬೇರೆ ಲೇಯರಿನಲ್ಲಿ. ಆಮೇಲೆ ಚಿತ್ರಗಳನ್ನೆಲ್ಲ ಮುಚ್ಚಿ ಚುಕ್ಕಿ ಮಾತ್ರ ನೋಡಿ. ನನ್ನ ಮೊದಲ ಚುಕ್ಕಿಗಳು ಅಮ್ಮ ಬಾಗಿಲ ಮುಂದೆ ಇಡುವ ರಂಗೋಲಿ ಚುಕ್ಕಿಯ ಹಾಗೆ ಸಮವಾಗಿದ್ದವು. ರಂಗೋಲಿಗೆ ಅದು ಲಕ್ಷಣ, ಜಗ್ಗಾಟಕ್ಕೆ ಸಾವು. ಎಲ್ಲಿ ಚುಕ್ಕಿ ಗುಂಪಾಗಿದೆಯೋ ಅಲ್ಲಿ ಬಲ ತಿಣುಕುತ್ತಿದೆ. ಎಲ್ಲಿ ಚದುರಿದೆಯೋ ಅಲ್ಲಿ ಯಾರೋ ಗೆಲ್ಲುತ್ತಿದ್ದಾರೆ. ಬರೀ ಚುಕ್ಕಿ ನೋಡಿ ಯಾರು ಗೆಲ್ಲುತ್ತಿದ್ದಾರೆ ಅಂತ ಹೇಳಲು ಆಗದಿದ್ದರೆ ಬಣ್ಣ ತುಂಬಲು ಹೋಗಬೇಡಿ.

ಮಿಲಿಮೀಟರ್ ಲೆಕ್ಕ ಬೇಡ ಅನ್ನುವವರಿಗೆ ಅರ್ಧದ ಅರ್ಧ. ಎರಡು ಕೊನೆಗಳ ನಡುವೆ 160 ಮಿಲಿಮೀಟರ್ ಇದ್ದರೆ ಮೊದಲ ನಡುಚಿತ್ರ 80ರಲ್ಲಿ. ಉಳಿದದ್ದರ ಅರ್ಧ, 120ರಲ್ಲಿ. ಮತ್ತೆ ಅರ್ಧ, 140. ಮತ್ತೆ 150. ಕಣ್ಣಳತೆಯಲ್ಲೇ ಆಗುತ್ತದೆ. ಚಲನೆ ತಾನಾಗಿ ನಿಧಾನಕ್ಕೆ ನಿಲ್ಲುತ್ತದೆ. ಹಿಂದುಮುಂದಾಗಿ ಮಾಡಿದರೆ ನಿಧಾನಕ್ಕೆ ಹೊರಡುತ್ತದೆ. ಎಚ್ಚರಿಕೆ ಒಂದಿದೆ. ಇದು ಕೈಗೆ ಹತ್ತಿದ ಮೇಲೆ ಎಲ್ಲದಕ್ಕೂ ಹಚ್ಚಬೇಕು ಅನಿಸುತ್ತದೆ. ಆಗ ಚಿತ್ರವೆಲ್ಲ ಬೆಣ್ಣೆ ಸವರಿದ ಹಾಗಾಗುತ್ತದೆ.

ಜಗ್ಗಾಟದ ಕೊನೆಗೆ ಕಬ್ಬು ಮುರಿಯುವುದಕ್ಕೆ ಇದನ್ನು ಹಚ್ಚಲೇಬೇಡಿ. ಮುರಿಯುವುದಕ್ಕೆ ನಡುಚಿತ್ರ ಇಲ್ಲ. ಒಂದು ಚಿತ್ರದಲ್ಲಿ ಕಬ್ಬು ಬಿಲ್ಲಿನ ಹಾಗೆ ಬಾಗಿದೆ, ಮುಂದಿನದರಲ್ಲಿ ಎರಡು ತುಂಡು. ಅಷ್ಟೇ. ಅದಕ್ಕೆ ಮೊದಲು ನಾಲ್ಕು ಫ್ರೇಮ್ ಎಲ್ಲವನ್ನೂ ನಿಲ್ಲಿಸಿದೆ, ಬೆರಳು ಮಾತ್ರ ನಡುಗುತ್ತದೆ. ಮುರಿದ ಮೇಲೆ ಇಬ್ಬರೂ ಹಿಂದಕ್ಕೆ ಬೀಳುವ ಎಂಟು ಫ್ರೇಮನ್ನು ಪ್ರತಿ ಫ್ರೇಮಿಗೂ ಹೊಸ ಚಿತ್ರ ಬಿಡಿಸಿ ಮಾಡಿದೆ, ವೇಗ ಅಷ್ಟಿದೆ. ಇನ್ನೊಂದು ಮಾತು. ಕಬ್ಬನ್ನು ಉದ್ದಕ್ಕೆ ಹಿಗ್ಗಿಸಬೇಡಿ. ಹಿಗ್ಗುವುದು, ಕುಗ್ಗುವುದು ಮಕ್ಕಳ ಮೈಗೆ. ನಾನು ಉತ್ಸಾಹದಲ್ಲಿ ಕಬ್ಬನ್ನೂ ಹಿಗ್ಗಿಸಿ ಚೂಯಿಂಗ್ ಗಮ್ ಮಾಡಿದ್ದೆ. ಅದು ಮಂಡ್ಯದವನು ಮಾಡಬಾರದ ತಪ್ಪು.

ಐದು ವರ್ಷದವರಿಗೆ ಅರ್ಥವಾಗದ ಜೋಕು

ಅಕ್ಕಪಕ್ಕದ ಮನೆ ಮಕ್ಕಳನ್ನು ಕೂರಿಸಿ ಒರಟು ಚಿತ್ರ ತೋರಿಸಿದೆ. ಎಂಟು, ಒಂಬತ್ತು ವರ್ಷದವರು ಅಕ್ಕನ ಮೋಸಕ್ಕೆ ಬಿದ್ದು ಬಿದ್ದು ನಕ್ಕರು. ಐದು ವರ್ಷದ ಹುಡುಗಿ ಕೇಳಿದಳು: "ಅವನಿಗೇ ಉದ್ದ ಸಿಕ್ತಲ್ಲ, ಯಾಕೆ ಅಳ್ತಾನೆ?"

ಜೀನ್ ಪಿಯಾಜೆ ಎಂಬ ಸ್ವಿಸ್ ಮನಶ್ಶಾಸ್ತ್ರಜ್ಞ ಇದನ್ನೇ ಲೋಟ, ನೀರು ಇಟ್ಟು ತೋರಿಸಿದ್ದ. ಅಗಲ ಲೋಟದ ನೀರನ್ನು ಮಗುವಿನ ಕಣ್ಣೆದುರೇ ಉದ್ದ ಲೋಟಕ್ಕೆ ಸುರಿದರೆ, ಸುಮಾರು ಏಳು ವರ್ಷಕ್ಕಿಂತ ಚಿಕ್ಕ ಮಕ್ಕಳು ನೀರು ಜಾಸ್ತಿ ಆಯಿತು ಅನ್ನುತ್ತಾರೆ. ಕಣ್ಣಿಗೆ ಎದ್ದು ಕಾಣುವ ಒಂದು ಅಳತೆಯೇ ಅವರಿಗೆ ಲೆಕ್ಕ. ನನ್ನ ಕತೆಯ ತಮ್ಮ ಮೋಸ ಹೋಗುವುದೂ ಇದರಿಂದಲೇ. ನೋಡುವ ಮಗುವೂ ಅವನ ಜೊತೆ ಅದೇ ಗುಂಡಿಗೆ ಬಿದ್ದಿತ್ತು.

ಕಬ್ಬು ಬುಡದಿಂದ ಮಾಗುತ್ತದೆ. ತುದಿ ಇನ್ನೂ ಬೆಳೆಯುತ್ತಿರುವ ಭಾಗ, ನೀರು ಜಾಸ್ತಿ, ಸಕ್ಕರೆ ಕಡಿಮೆ. ನಮ್ಮ ಕಡೆ ದೊಡ್ಡವರಿಗೆ ಇದನ್ನು ಹೇಳುವುದೇ ಬೇಡ, ಅದಕ್ಕೇ ನಾನೂ ಚಿತ್ರದಲ್ಲಿ ಹೇಳಿರಲಿಲ್ಲ. ಈಗ ಅಕ್ಕ ಮಂಡಿಗೆ ಕೊಟ್ಟು ಮುರಿಯುವ ಮೊದಲು ಐದು ಸೆಕೆಂಡ್ ಸೇರಿಸಿದ್ದೇನೆ. ತಮ್ಮ ಆ ಕಡೆ ತಿರುಗಿದಾಗ ಅಕ್ಕ ಕದ್ದು ತುದಿ ನೆಕ್ಕಿ ಮುಖ ಕಿವುಚುತ್ತಾಳೆ. ಬುಡ ನೆಕ್ಕಿ ಕಣ್ಣು ಮುಚ್ಚುತ್ತಾಳೆ. ಎರಡನೇ ಸಲ ತೋರಿಸಿದಾಗ ಅದೇ ಹುಡುಗಿ ಪರದೆಗೆ ಬೆರಳು ತೋರಿಸಿ "ಅಯ್ಯೋ, ತಗೋಬೇಡ ಕಣೋ!" ಅಂತ ತಮ್ಮನಿಗೆ ಕೂಗಿದಳು. ಅವಳಿಗೆ ನೀರಿನ ಲೆಕ್ಕ ಇನ್ನೂ ಬಾರದಿರಬಹುದು, ಅಕ್ಕನ ಮುಖ ಓದಲು ಬರುತ್ತದೆ.

ಕೊನೆಯ ದೃಶ್ಯ ಬಾಕಿ ಇದೆ. ಇಬ್ಬರೂ ಬಿದ್ದಲ್ಲೇ ಕೂತಿರುವಾಗ, ಸಂಕ್ರಾಂತಿಗೆ ಕೊಂಬಿಗೆ ಬಣ್ಣ ಬಳಿಸಿಕೊಂಡ ಹಸು ಬಂದು ಆ ಸಪ್ಪೆ ತುದಿಗೆ ಬಾಯಿ ಹಾಕುತ್ತದೆ. ಅಲ್ಲಿವರೆಗೆ ಯಾರಿಗೂ ಬೇಡವಾಗಿದ್ದದ್ದು ಈಗ ಇಬ್ಬರಿಗೂ ಬೇಕು. ಅಕ್ಕ ತಮ್ಮ ಒಂದೇ ಕಡೆ ಸೇರಿ ಜಗ್ಗುತ್ತಾರೆ. ಅವರ ಸಂದುಗಳು 1, 1, 1, 1. ಹಸುವಿನದು ಒಂದೇ ಸಲ 60.

ಹಸುವಿಗೆ ಬಾಯಿಯ ಮುಂಭಾಗದಲ್ಲಿ ಮೇಲಿನ ಸಾಲಿನ ಹಲ್ಲು ಇರುವುದಿಲ್ಲ. ನಾಲಿಗೆಯನ್ನೇ ಸುತ್ತಿ ಎಳೆದುಕೊಳ್ಳುತ್ತದೆ. ಇದು ಗೊತ್ತಿಲ್ಲದೆ ನಾನು ಎರಡೂ ಸಾಲು ಹಲ್ಲು ಬಿಡಿಸಿಟ್ಟಿದ್ದೆ, ಹಸು ಥೇಟ್ ನಮ್ಮ ಸೋದರಮಾವನ ಹಾಗೆ ನಗುತ್ತಿತ್ತು. ನಾಳೆ ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ, ಹಸುವಿಗೆ ಹುಲ್ಲು ಹಾಕಿ, ನಾಲಿಗೆ ಎಷ್ಟು ಹೊತ್ತಿಗೆ ಸುತ್ತಿಕೊಳ್ಳುತ್ತದೆ ಅಂತ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಬರಬೇಕು.