ಫಾರ್ಮ್ಯಾಟ್ ಹೊಡೆದ ಮೇಲೆ ಡ್ರೈವ್ ನಿಧಾನವಾದರೆ: ಮೊದಲು ನೋಡಬೇಕಾದದ್ದು ಟ್ರಾನ್ಸ್‌ಫರ್ ಮೋಡ್

ವಿಜಯಪುರದ ಕಡೆ ರಿಪೇರಿಗೆ ಬರುವ ಹಳೆ ಮಷಿನ್‌ಗಳ ಜೊತೆ ಈ ದೂರು ಬಂದೇ ಬರುತ್ತದೆ: "ಸರ, ಫಾರ್ಮ್ಯಾಟ್ ಹೊಡಿಸಿ ಹೊಸಾ ವಿಂಡೋಸ್ ಹಾಕಿಸೀವ್ರಿ. ಆದ್ರ ಡಿವಿಡಿ ಮೊದಲಿಗಿಂತ ನಿಧಾನ ಆಗೇತ್ರಿ." ಸಿಂದಗಿ, ಇಂಡಿ ಕಡೆಯ ಫೋಟೋ ಸ್ಟುಡಿಯೋದವರು ಮದುವೆ ಡಿವಿಡಿ ಹಾಕಿಕೊಡುವುದು ವಿಂಡೋಸ್ ಎಕ್ಸ್‌ಪಿ ಕಾಲದ ಮಷಿನ್‌ನಲ್ಲೇ ಆಗಿದ್ದರೆ, ಡ್ರೈವ್ ಕೈಕೊಟ್ಟಿತು ಅಂದರೆ ಕೆಲಸವೇ ನಿಂತ ಹಾಗೆ. ಆಗ ಸಲೀಸಾಗಿ ಬಾಯಿಗೆ ಬರುವ ಮಾತು "ಲೆನ್ಸ್ ಹೋಗೈತಿ, ಹೊಸ ರೈಟರ್ ಹಾಕ್ರಿ". ಹಾಗೆ ಹೇಳುವ ಮುಂಚೆ ಎರಡು ನಿಮಿಷ ಕೊಟ್ಟು ಟ್ರಾನ್ಸ್‌ಫರ್ ಮೋಡ್, ಅಂದರೆ ಡ್ರೈವ್‌ನಿಂದ ಡೇಟಾ ಸಾಗುವ ರೀತಿ ನೋಡಿ. ಎಷ್ಟೋ ಸಲ ಡ್ರೈವ್ ಗಟ್ಟಿಯಾಗೇ ಇರುತ್ತದೆ.

ಐಡಿಇ ಡ್ರೈವ್‌ನಿಂದ (ಅಗಲ ಪಟ್ಟಿ ಕೇಬಲ್‌ನಲ್ಲಿ ಮದರ್‌ಬೋರ್ಡ್‌ಗೆ ಸೇರುವ ಹಳೆ ಬಗೆಯದು) ಮೆಮೊರಿಗೆ ಡೇಟಾ ಬರಲು ಎರಡು ದಾರಿ ಇವೆ. ಒಂದು ಪಿಐಒ, ಇನ್ನೊಂದು ಡಿಎಂಎ. ಪಿಐಒದಲ್ಲಿ ಪ್ರೊಸೆಸರೇ ಕೂತು ಡೇಟಾವನ್ನು ಚೂರು ಚೂರಾಗಿ ಸಾಗಿಸುತ್ತದೆ. ಎಪಿಎಂಸಿಯಲ್ಲಿ ಸಾಹುಕಾರನೇ ಗದ್ದುಗೆ ಬಿಟ್ಟು ಒಂದೊಂದೇ ಚೀಲ ಹೊತ್ತ ಹಾಗೆ. ಡಿಎಂಎದಲ್ಲಿ ಹಮಾಲರು ಹೊರುತ್ತಾರೆ, ಮುಗಿದ ಮೇಲೆ ಬಂದು ಹೇಳುತ್ತಾರೆ, ಅಷ್ಟೇ. ಅಂದರೆ ಕಂಟ್ರೋಲರ್ ನೇರವಾಗಿ ಮೆಮೊರಿಗೆ ಬರೆಯುತ್ತದೆ, ಪ್ರೊಸೆಸರ್ ತನ್ನ ಕೆಲಸ ನೋಡಿಕೊಳ್ಳುತ್ತದೆ.

ಪಿಐಒ ಮೋಡ್ 4ರ ಗರಿಷ್ಠ ವೇಗ ಸೆಕೆಂಡಿಗೆ ಸುಮಾರು 16.6 ಎಂಬಿ. ಅದು ಪುಸ್ತಕದ ಲೆಕ್ಕ, ನಿಜದಲ್ಲಿ ತುಂಬಾ ಕಡಿಮೆ ಸಿಗುತ್ತದೆ. ಅಲ್ಟ್ರಾ ಡಿಎಂಎ ಮೋಡ್ 2ರಲ್ಲಿ 33 ಎಂಬಿ, ಮೋಡ್ 4ರಲ್ಲಿ 66, ಮೋಡ್ 5ರಲ್ಲಿ 100. ಡಿವಿಡಿಯ ಮೂಲ ವೇಗ 1ಎಕ್ಸ್ ಅಂದರೆ ಸೆಕೆಂಡಿಗೆ ಸುಮಾರು 1.38 ಎಂಬಿ. ಹಾಗಾದರೆ 16ಎಕ್ಸ್‌ಗೆ ಎಷ್ಟು ಬೇಕು? ಸುಮಾರು 22 ಎಂಬಿ. ಪಿಐಒದಲ್ಲಿ ಅದು ಆಗುವ ಮಾತಲ್ಲ.

ಲಕ್ಷಣದಿಂದಲೇ ಅರ್ಧ ಗೊತ್ತಾಗುತ್ತದೆ. ಡಿಸ್ಕ್‌ನಿಂದ ಒಂದು ದೊಡ್ಡ ಫೈಲ್ ಕಾಪಿಗೆ ಹಾಕಿ, ಟಾಸ್ಕ್ ಮ್ಯಾನೇಜರ್ ತೆರೆದು ಕೂಡಿ. ಸಿಪಿಯು ಬಳಕೆ ಮೇಲೇರಿ ಅಲ್ಲೇ ನಿಂತಿದೆ, ಮೌಸ್ ತಡೆದು ತಡೆದು ಹೋಗುತ್ತಿದೆ, ಹಾಡು ಹಾಕಿದರೆ ಕರಕರ ಅನ್ನುತ್ತಿದೆ ಅಂದರೆ ಅದು ಪಿಐಒ ಇರಬೇಕು. ಸಿಪಿಯು ಸುಮ್ನೆ ಇದೆ, ಡ್ರೈವ್ ಮಾತ್ರ ಮತ್ತೆ ಮತ್ತೆ ತಿರುಗಿ ನಿಲ್ಲುತ್ತಿದೆ ಅಂದರೆ ಡಿಸ್ಕ್ ಗೀರಿದೆ, ಇಲ್ಲ ಲೆನ್ಸ್ ಮೇಲೆ ಧೂಳು ಕೂತಿದೆ. ನಮ್ಮ ಕಡೆ ಬೇಸಿಗೆಯ ಧೂಳು ಗೊತ್ತಲ್ವಾ, ಅದನ್ನೂ ಮರೆಯುವ ಹಾಗಿಲ್ಲ. ಬೇರೆ ಬೇರೆ ಡಿಸ್ಕ್ ಹಾಕಿ ನೋಡದೆ ತೀರ್ಮಾನ ಮಾಡಬೇಡಿ.

ಈಗ ಎಕ್ಸ್‌ಪಿಯಲ್ಲಿ ನೋಡುವ ಜಾಗ. ಡಿವೈಸ್ ಮ್ಯಾನೇಜರ್‌ನಲ್ಲಿ ಐಡಿಇ ಕಂಟ್ರೋಲರ್‌ಗಳ ಸಾಲು ಬಿಡಿಸಿ. ಡಿವಿಡಿ ಡ್ರೈವ್ ಹೆಚ್ಚಾಗಿ ಸೆಕೆಂಡರಿ ಐಡಿಇ ಚಾನೆಲ್‌ನಲ್ಲಿರುತ್ತದೆ. ಅದರ ಪ್ರಾಪರ್ಟೀಸ್, ಅದರೊಳಗೆ ಅಡ್ವಾನ್ಸ್ಡ್ ಸೆಟ್ಟಿಂಗ್ಸ್. ಅಲ್ಲಿ ಎರಡು ಸಾಲು ಕಾಣುತ್ತವೆ, ಇವೆರಡನ್ನೂ ಕಲಸಿಕೊಳ್ಳಬಾರದು. 'ಟ್ರಾನ್ಸ್‌ಫರ್ ಮೋಡ್' ಅನ್ನುವುದು ನಾವು ಕೇಳಿದ್ದು. 'ಕರೆಂಟ್ ಟ್ರಾನ್ಸ್‌ಫರ್ ಮೋಡ್' ಅನ್ನುವುದು ನಿಜವಾಗಿ ನಡೆಯುತ್ತಿರುವುದು. ಮೇಲೆ 'ಡಿಎಂಎ ಇಫ್ ಅವೈಲಬಲ್' ಇದ್ದೂ ಕೆಳಗೆ 'ಪಿಐಒ ಮೋಡ್' ಅಂತ ಇರಬಹುದು. ಹಾಗಿದ್ದರೆ ವಿಂಡೋಸೇ ಅದನ್ನು ಕೆಳಗಿಳಿಸಿದೆ.

ಈಗಷ್ಟೇ ಹಾಕಿದ ವಿಂಡೋಸ್‌ನಲ್ಲಿ ಹೀಗೇಕೆ? ಎಕ್ಸ್‌ಪಿ ಪ್ರತಿ ಚಾನೆಲ್‌ನ ತಪ್ಪುಗಳ ಲೆಕ್ಕ ಇಡುತ್ತದೆ. ಟೈಮ್‌ಔಟ್ (ಉತ್ತರ ತಡವಾಗುವುದು) ಅಥವಾ ಸಿಆರ್‌ಸಿ (ದಾರಿಯಲ್ಲಿ ಡೇಟಾ ಕೆಡುವುದು) ತಪ್ಪುಗಳು ಒಟ್ಟು 6 ಆದರೆ ಒಂದು ಮೆಟ್ಟಿಲು ಕೆಳಗಿನ ಮೋಡ್‌ಗೆ ಇಳಿಸುತ್ತದೆ. ಹೀಗೆ ಇಳಿದು ಇಳಿದು ಕೊನೆಗೆ ಪಿಐಒಗೆ ಬಂದು ಕೂರುತ್ತದೆ, ತಾನಾಗಿ ಮೇಲೆ ಹತ್ತುವುದಿಲ್ಲ. ಗೀರು ಬಿದ್ದ ಡಿಸ್ಕ್‌ಗಳನ್ನು ಒದ್ದಾಡಿ ಓದಿಸಿದರೆ ಹೊಸ ವಿಂಡೋಸ್‌ನಲ್ಲೂ ಈ ಲೆಕ್ಕ ಬೇಗ ತುಂಬುತ್ತದೆ. ಇನ್ನೊಂದು ಕಾರಣ ಚಿಪ್‌ಸೆಟ್ ಡ್ರೈವರ್, ಅಂದರೆ ಮದರ್‌ಬೋರ್ಡ್‌ನ ಕಂಟ್ರೋಲರ್‌ಗಳನ್ನು ವಿಂಡೋಸ್‌ಗೆ ಪರಿಚಯಿಸುವ ಡ್ರೈವರ್, ಇಲ್ಲದಿರುವುದು. ಫಾರ್ಮ್ಯಾಟ್ ಆದ ಮೇಲೆ ಸೌಂಡ್, ಡಿಸ್‌ಪ್ಲೇ ಡ್ರೈವರ್ ಎಲ್ಲರೂ ಹಾಕುತ್ತಾರೆ. ಚಿಪ್‌ಸೆಟ್‌ದು ಬಿಟ್ಟರೂ ಮಷಿನ್ ನಡೆಯುತ್ತದಾದ್ದರಿಂದ ಅದು ಉಳಿದುಬಿಡುತ್ತದೆ. ನನ್ನ ಪ್ರಕಾರ ಹಾಕಬೇಕಾದ ಮೊದಲ ಡ್ರೈವರ್ ಅದೇ.

ಸರಿಪಡಿಸುವುದು ಸುಲಭ. ಆ ಚಾನೆಲ್ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಇನ್‌ಸ್ಟಾಲ್ ಕೊಟ್ಟು ರೀಸ್ಟಾರ್ಟ್ ಮಾಡಿ. ವಿಂಡೋಸ್ ಅದನ್ನು ಹೊಸದಾಗಿ ಗುರುತಿಸುತ್ತದೆ, ಹಳೆಯ ಲೆಕ್ಕ ಅಳಿದು ಡಿಎಂಎ ವಾಪಸ್ ಬರುತ್ತದೆ. ಬರದಿದ್ದರೆ ಬಯೋಸ್‌ನಲ್ಲಿ (ವಿಂಡೋಸ್ ಬರುವ ಮುಂಚೆ ತೆರೆಯುವ ಮದರ್‌ಬೋರ್ಡ್ ಸೆಟ್ಟಿಂಗ್) ಆ ಡ್ರೈವ್‌ಗೆ ಡಿಎಂಎ ಬಂದ್ ಆಗಿದೆಯಾ ನೋಡಿ.

ಆದರೆ ವಾಪಸ್ ಬಂತು ಅಂತ ಗ್ರಾಹಕರನ್ನು ಅಲ್ಲಿಗೇ ಕಳಿಸಬೇಡಿ. ವಾರದಲ್ಲಿ ಮತ್ತೆ ಪಿಐಒಗೆ ಇಳಿದರೆ ತಪ್ಪು ಎಲ್ಲಿಂದಲೋ ಬರುತ್ತಲೇ ಇದೆ ಅಂತ ಅರ್ಥ. ಮೊದಲ ಅನುಮಾನ ಕೇಬಲ್ ಮೇಲೆ ಇರಲಿ. ಕ್ಯಾಬಿನೆಟ್ ತೆರೆದು ಪಟ್ಟಿ ಕೇಬಲನ್ನು ಬೆಳಕಿಗೆ ಹಿಡಿಯಿರಿ. ದಪ್ಪ ಗೆರೆಗಳಿದ್ದರೆ 40 ತಂತಿಯದು, ಕೂದಲಿನಷ್ಟು ಸಣ್ಣ ಗೆರೆಗಳು ಒತ್ತೊತ್ತಾಗಿದ್ದರೆ 80 ತಂತಿಯದು. ಪಿನ್ ಎರಡಕ್ಕೂ ಅಷ್ಟೇ. ಹೆಚ್ಚಿನ 40 ತಂತಿ ಗ್ರೌಂಡ್, ಪಕ್ಕದ ತಂತಿಯ ಸಿಗ್ನಲ್ ಇದಕ್ಕೆ ತಾಗದಂತೆ ತಡೆಯುತ್ತವೆ. ಅಲ್ಟ್ರಾ ಡಿಎಂಎ ಮೋಡ್ 2ಕ್ಕಿಂತ ಮೇಲಿನ ವೇಗಕ್ಕೆ 80 ತಂತಿಯದೇ ಬೇಕು. ಅದರಲ್ಲಿ ನೀಲಿ ತುದಿ ಮದರ್‌ಬೋರ್ಡ್‌ಗೆ, ಕಪ್ಪು ತುದಿ ಮಾಸ್ಟರ್‌ಗೆ (ಕೇಬಲ್‌ನ ಮೊದಲ ಡ್ರೈವ್), ನಡುವಿನ ಬೂದು ಬಣ್ಣದ್ದು ಸ್ಲೇವ್‌ಗೆ (ಎರಡನೆಯದು). ಬಿಚ್ಚುವಾಗ ಪಟ್ಟಿ ಹಿಡಿದು ಎಳೆಯದೆ ಪ್ಲಾಸ್ಟಿಕ್ ತುದಿ ಹಿಡಿದು ಬಿಚ್ಚಿ. ಎಳೆದ ಕೇಬಲ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಒಂದು ತಂತಿ ಬಿಟ್ಟಿರುತ್ತದೆ.

ಐಡಿಇ ಬದಲಿಗೆ ಬಂದ ಸಣ್ಣ ಕೇಬಲ್‌ನ ಸಾಟಾ ಮಷಿನ್‌ಗಳಲ್ಲಿ ಈ ಕಥೆ ಬೇರೆ. ಅಲ್ಲಿ ಬಯೋಸ್‌ನಲ್ಲಿ ಹಳೆ ರೀತಿಯ ಐಡಿಇ ಮೋಡ್ ಇದೆಯಾ, ಸಾಟಾದ್ದೇ ಆದ ಎಎಚ್‌ಸಿಐ ಮೋಡ್ ಇದೆಯಾ ಅನ್ನುವುದನ್ನು ವಿಂಡೋಸ್ ಹಾಕುವ ಮುಂಚೆಯೇ ನೋಡಿಕೊಳ್ಳಿ. ಎಕ್ಸ್‌ಪಿ ಅಥವಾ ವಿಂಡೋಸ್ 7 ಹಾಕಿದ ಮೇಲೆ ಡ್ರೈವರ್ ಸಿದ್ಧ ಮಾಡದೆ ಈ ಮೋಡ್ ಬದಲಿಸಿದರೆ ನೀಲಿ ಪರದೆ ಬರುತ್ತದೆ.

ವಿಂಡೋಸ್ 10, 11 ಹೊಸದಾಗಿ ಹಾಕಿದಾಗ ಟಾಸ್ಕ್ ಮ್ಯಾನೇಜರ್ ಹಾರ್ಡ್ ಡಿಸ್ಕ್ ಬಳಕೆ 100 ಪರ್ಸೆಂಟ್ ತೋರಿಸಿದರೆ ಗಾಬರಿ ಬೇಡ. ಅಪ್‌ಡೇಟ್, ಇಂಡೆಕ್ಸಿಂಗ್ (ಹುಡುಕಾಟಕ್ಕೆ ಫೈಲ್‌ಗಳ ಪಟ್ಟಿ ಮಾಡುವುದು), ಡಿಫೆಂಡರ್ (ವಿಂಡೋಸ್‌ನ ಆಂಟಿವೈರಸ್) ಮೂರೂ ಒಟ್ಟಿಗೆ ನಡೆಯುತ್ತಿರುತ್ತವೆ. ಕೆಲವು ಗಂಟೆ ಮಷಿನ್ ಚಾಲೂ ಇಟ್ಟುಬಿಡಿ. ಆಮೇಲೂ ಇಳಿಯದಿದ್ದರೆ ಸ್ಮಾರ್ಟ್ ವರದಿ (ಡಿಸ್ಕ್ ತಾನೇ ಇಟ್ಟುಕೊಳ್ಳುವ ಆರೋಗ್ಯದ ಲೆಕ್ಕ) ತೆಗೆದು 05, ಸಿ5, ಸಿ7 ಸಂಖ್ಯೆಯ ಸಾಲುಗಳಲ್ಲಿ 'ರಾ' ಕಾಲಮ್‌ನ ಅಂಕಿ ನೋಡಿ. 05 ಮತ್ತು ಸಿ5 ಏರುತ್ತಿದ್ದರೆ ಡಿಸ್ಕ್ ಸೆಕ್ಟರ್‌ಗಳು ಕೆಡುತ್ತಿವೆ, ಮೊದಲು ಡೇಟಾ ಬ್ಯಾಕಪ್ ತೆಗೆಯಿರಿ. ಸಿಆರ್‌ಸಿ ತಪ್ಪುಗಳ ಲೆಕ್ಕವಾದ ಸಿ7 ಮಾತ್ರ ಏರುತ್ತಿದ್ದರೆ ಡಿಸ್ಕ್ ಬಿಟ್ಟು ಸಾಟಾ ಕೇಬಲ್ ಬದಲಿಸಿ ನೋಡಿ. ಆ ಸಾಲಿನ ಹಳೆಯ ಅಂಕಿ ಅಳಿಯುವುದಿಲ್ಲ, ಹಾಗಾಗಿ ಬರೆದಿಟ್ಟುಕೊಂಡು ಮರುದಿನ ಹೋಲಿಸಬೇಕು.