ಅಂಚೆಯಲ್ಲಿ ಬರುತ್ತಿದ್ದ ಬಣ್ಣ

2010ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ಕ್ಯಾನ್ಸಸ್ ರಾಜ್ಯದ ಪಾರ್ಸನ್ಸ್ ಎಂಬ ಪುಟ್ಟ ಊರಿಗೆ ಪಾರ್ಸೆಲ್‌ಗಳು ರಾಶಿ ರಾಶಿ ಬಂದವು. ಒಳಗಿದ್ದದ್ದು ಕೊಡಾಕ್ರೋಮ್ ರೀಲು. ಅದು ಕೊಡಾಕ್ ಕಂಪನಿಯ ಬಣ್ಣದ ಸ್ಲೈಡ್ ಫಿಲ್ಮ್; ಸ್ಲೈಡ್ ಎಂದರೆ ಬೆಳಕು ಹಾಯಿಸಿ ಪರದೆಯ ಮೇಲೆ ನೋಡುವ ಚಿತ್ರ. ಆ ರೀಲು ತೊಳೆಯುವ ಲ್ಯಾಬ್ ಇಡೀ ಜಗತ್ತಿನಲ್ಲಿ ಅದೊಂದೇ ಉಳಿದಿತ್ತು. ಡ್ವೇನ್ಸ್ ಫೋಟೊ ಅದರ ಹೆಸರು. ರೀಲು ತಲುಪಲು ಡಿಸೆಂಬರ್ 30 ಕಡೆಯ ದಿನ.

ಊರೂರಲ್ಲಿ ಸ್ಟುಡಿಯೊ ಇದ್ದಾಗಲೂ ಈ ರೀಲನ್ನು ದೂರಕ್ಕೆ ಕಳಿಸಲೇಬೇಕಿತ್ತು. ಯಾಕೆ? ಎಕ್ಟಾಕ್ರೋಮ್‌ನಂಥ ಸ್ಲೈಡ್ ಫಿಲ್ಮಿನಲ್ಲಿ ಬಣ್ಣ ಹುಟ್ಟಿಸುವ ರಾಸಾಯನಿಕ ಫಿಲ್ಮಿನಲ್ಲೇ ಇರುತ್ತದೆ. ಅದನ್ನು ಮನೆಯ ಬಚ್ಚಲಲ್ಲೂ ತೊಳೆಯಬಹುದು. ಕೊಡಾಕ್ರೋಮ್‌ನಲ್ಲಿ ಆ ರಾಸಾಯನಿಕ ಇರಲೇ ಇಲ್ಲ. ಅದು ಮೂರು ಪದರದ ಕಪ್ಪು-ಬಿಳುಪು ಫಿಲ್ಮ್, ಅಷ್ಟೇ. ಬಣ್ಣ ಸೇರುತ್ತಿದ್ದುದು ಲ್ಯಾಬಿನಲ್ಲಿ.

ಆ ಕೆಲಸ ನಿಜಕ್ಕೂ ಚೆಂದ. ಮೊದಲು ಮೂರೂ ಪದರಗಳಲ್ಲಿ ಬೆಳ್ಳಿಯ ನೆಗೆಟಿವ್ ಚಿತ್ರ ಮೂಡಿಸುತ್ತಾರೆ. ಬೆಳಕು ಬೀಳದೆ ಉಳಿದ ಬೆಳ್ಳಿಯ ಲವಣದಿಂದಲೇ ಮುಂದಿನ ಆಟ. ಫಿಲ್ಮಿನ ಹಿಂದಿನಿಂದ ಕೆಂಪು ಬೆಳಕು ಹಾಯಿಸಿದರೆ ತಳದ ಪದರ ಮಾತ್ರ ಎಚ್ಚರಗೊಳ್ಳುತ್ತದೆ. ಅಲ್ಲಿ ಸಯಾನ್, ಅಂದರೆ ಹಸಿರು ಬೆರೆತ ನೀಲಿ ಬಣ್ಣ ಕೂರಿಸುತ್ತಾರೆ. ಮುಂದಿನಿಂದ ನೀಲಿ ಬೆಳಕು ಹಾಯಿಸಿ ಮೇಲಿನ ಪದರಕ್ಕೆ ಹಳದಿ. ನಡುವಿನ ಪದರಕ್ಕೆ ಮಜೆಂಟಾ, ಅಂದರೆ ನೇರಳೆ ಬೆರೆತ ಕೆಂಪು. ಕೊನೆಗೆ ಬೆಳ್ಳಿಯನ್ನೆಲ್ಲ ತೊಳೆದು ತೆಗೆದರೆ ಬಣ್ಣವಷ್ಟೇ ಉಳಿಯುತ್ತದೆ. ದ್ರಾವಣದ ಬಿಸಿ ಸ್ವಲ್ಪ ಹೆಚ್ಚು-ಕಡಿಮೆಯಾದರೂ ಬಣ್ಣ ಕೆಡುತ್ತಿತ್ತು. ಹಾಗಾಗಿ ದೊಡ್ಡ ಯಂತ್ರವೂ ಬೇಕು, ರಸಾಯನ ತಿಳಿದವರೂ ಬೇಕು. ಸಣ್ಣ ಸ್ಟುಡಿಯೊಗೆ ಇದು ಆಗದ ಮಾತು, ಅಲ್ವಾ?

ಬಳಸದ ರಾಸಾಯನಿಕ ಫಿಲ್ಮಿನಲ್ಲಿ ಉಳಿಯದ್ದರಿಂದ ಕತ್ತಲಲ್ಲಿಟ್ಟ ಹಳೆಯ ಕೊಡಾಕ್ರೋಮ್ ಸ್ಲೈಡುಗಳ ಬಣ್ಣ ಇವತ್ತಿಗೂ ಗಟ್ಟಿ. ಅಷ್ಟು ಕಷ್ಟಕ್ಕೆ ಸಿಕ್ಕ ಪ್ರತಿಫಲ ದೊಡ್ಡದೇ.

ಇದನ್ನು ಕಂಡುಹಿಡಿದವರು ಇಬ್ಬರು ಸಂಗೀತಗಾರರು. ಲಿಯೋಪೋಲ್ಡ್ ಮ್ಯಾನೆಸ್ ಪಿಯಾನೊ ನುಡಿಸುವವರು, ಲಿಯೋಪೋಲ್ಡ್ ಗೊಡೌಸ್ಕಿ ಪಿಟೀಲು. ಕತ್ತಲ ಕೋಣೆಯಲ್ಲಿ ಜರ್ಮನಿಯ ಸಂಗೀತಕಾರ ಬ್ರಾಹ್ಮ್ಸ್‌ನ ಸಂಗೀತವನ್ನು ಸಿಳ್ಳೆ ಹಾಕಿ ಸಮಯ ಅಳೆಯುತ್ತಿದ್ದರಂತೆ! ಫಿಲ್ಮ್ ಮಾರುಕಟ್ಟೆಗೆ ಬಂದದ್ದು 1935ರಲ್ಲಿ.

1954ರವರೆಗೆ ಅಮೆರಿಕದಲ್ಲಿ ರೀಲಿನ ಬೆಲೆಯಲ್ಲೇ ತೊಳೆಯುವ ಖರ್ಚೂ ಸೇರಿತ್ತು. ಅಂಚೆಯಲ್ಲಿ ಕೊಡಾಕ್‌ಗೆ ಕಳಿಸಿದರೆ ಚೌಕಟ್ಟು ಹಾಕಿದ ಸ್ಲೈಡುಗಳು ಮನೆಗೆ ಬರುತ್ತಿದ್ದವು. ಬೇರೆ ಲ್ಯಾಬುಗಳಿಗೆ ಅವಕಾಶವೇ ಇಲ್ಲವೆಂದು ಸರ್ಕಾರ ತಕರಾರು ತೆಗೆದ ಮೇಲೆ ಆ ಪದ್ಧತಿ ನಿಂತಿತು.

2009ರಲ್ಲಿ ಕೊಡಾಕ್ ಈ ಫಿಲ್ಮ್ ತಯಾರಿಕೆಯನ್ನೇ ನಿಲ್ಲಿಸಿತು. ಕಾರ್ಖಾನೆಯ ಕಡೆಯ ರೀಲು ಸಿಕ್ಕಿದ್ದು ಛಾಯಾಗ್ರಾಹಕ ಸ್ಟೀವ್ ಮೆಕರಿ ಅವರಿಗೆ. ಅದರ ಕೆಲವು ಚಿತ್ರಗಳನ್ನು ಮುಂಬೈ ಮತ್ತು ರಾಜಸ್ಥಾನದಲ್ಲಿ ತೆಗೆದರು. ಆ ರೀಲನ್ನು ಅಂಚೆಗೆ ಹಾಕದೆ ತಾವೇ ಪಾರ್ಸನ್ಸ್‌ಗೆ ಒಯ್ದರು.

ನಿಮ್ಮ ಅಟ್ಟದ ಪೆಟ್ಟಿಗೆಯಲ್ಲಿ ತೊಳೆಸದ ಕೊಡಾಕ್ರೋಮ್ ರೀಲು ಸಿಕ್ಕರೆ ಎಸೆಯಬೇಡಿ. ಬಣ್ಣ ಸಿಗುವುದಿಲ್ಲ, ಆದರೆ ಕಪ್ಪು-ಬಿಳುಪು ಚಿತ್ರವಾಗಿ ತೊಳೆದುಕೊಡುವವರು ಇದ್ದಾರೆ. ಕೊಡುವಾಗ ಇದು ಕೊಡಾಕ್ರೋಮ್ ಎಂದು ಮೊದಲೇ ಹೇಳಿ. ಅದರ ಹಿಂಬದಿಗೆ ಇಂಗಾಲದ ಕಪ್ಪು ಲೇಪ ಇರುತ್ತದೆ. ಸುಮ್ನೆ ಮಾಮೂಲಿ ಯಂತ್ರಕ್ಕೆ ಹಾಕಿದರೆ ದ್ರಾವಣವೂ ಕೆಡುತ್ತದೆ, ಜೊತೆಗಿರುವ ಬೇರೆಯವರ ರೀಲೂ ಹಾಳಾಗುತ್ತದೆ.