ಸೆಟ್‌ಬ್ಯಾಕ್: ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಆ ಆಕಾರ ಬಂದ ಬಗೆ

ನಿವೇಶನ ಕೊಂಡು ಮನೆ ಕಟ್ಟಿಸಿದವರಿಗೆ ‘ಸೆಟ್‌ಬ್ಯಾಕ್’ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಕಾಂಪೌಂಡಿಗೂ ಮನೆಯ ಗೋಡೆಗೂ ನಡುವೆ ಹಲವರು ಒಲ್ಲದ ಮನಸ್ಸಿನಿಂದ ಬಿಡುವ, ಕೆಲವರು ನಕ್ಷೆಯಲ್ಲಿ ಮಾತ್ರ ಬಿಡುವ ಜಾಗ ಅದು. ವಾಸ್ತುಶಿಲ್ಪಿಗಳು ಇದೇ ಪದವನ್ನು ಎತ್ತರಕ್ಕೂ ಬಳಸುತ್ತಾರೆ: ಮೇಲೇರಿದಂತೆ ಕಟ್ಟಡ ರಸ್ತೆಯ ಅಂಚಿನಿಂದ ಹಂತ ಹಂತವಾಗಿ ಒಳಕ್ಕೆ ಸರಿಯುವುದು. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ ಇದಕ್ಕೆ ಹೆಸರಾಂತ ಮಾದರಿ.

ಆ ಮೆಟ್ಟಿಲಿನ ಆಕಾರವನ್ನು ಅಲಂಕಾರವೆಂದು ಭಾವಿಸುವವರೇ ಹೆಚ್ಚು. ಅದರ ಮೂಲ ಇರುವುದು ಒಂದು ಕಾನೂನಿನಲ್ಲಿ. 1915ರಲ್ಲಿ ಬ್ರಾಡ್‌ವೇಯಲ್ಲಿ ಎಕ್ವಿಟಬಲ್ ಕಟ್ಟಡ ತಲೆಯೆತ್ತಿತು. ನಿವೇಶನ ಒಂದು ಎಕರೆಯೂ ಇಲ್ಲ. ಅದರ ಮೇಲೆ ಸುಮಾರು 12 ಲಕ್ಷ ಚದರ ಅಡಿ ಕಚೇರಿ, ಎಂದರೆ ನೆಲದ ಸುಮಾರು 30 ಪಟ್ಟು! ರಸ್ತೆಯಂಚಿನಿಂದಲೇ ನೆಟ್ಟಗೆ ಎದ್ದ ಗೋಡೆಗಳು ಅಕ್ಕಪಕ್ಕದವರ ಬೆಳಕನ್ನು ನುಂಗಿದವು. ಎತ್ತರದ ಕಟ್ಟಡಗಳ ಬಗ್ಗೆ ಮೊದಲೇ ಇದ್ದ ಅಸಮಾಧಾನಕ್ಕೆ ಅದು ತುಪ್ಪ ಸುರಿಯಿತು. ಮರುವರ್ಷವೇ ನಗರ ವಲಯ ನಿಯಮ ತಂದಿತು. ರಸ್ತೆಯ ಅಗಲಕ್ಕೆ ತಕ್ಕ ಒಂದು ಎತ್ತರದವರೆಗೆ ಗೋಡೆ ನೇರವಾಗಿ ಏರಬಹುದು, ಅಲ್ಲಿಂದಾಚೆಗೆ ಹಿಂದೆ ಸರಿಯುತ್ತ ಹೋಗಬೇಕು. ಆದರೆ ನಿವೇಶನದ ಕಾಲು ಭಾಗದ ಮೇಲೆ ಎಷ್ಟೆತ್ತರ ಕಟ್ಟಿದರೂ ಅಡ್ಡಿಯಿಲ್ಲ. ಗೋಪುರಗಳಿಗೆ ಬಾಗಿಲು ತೆರೆದದ್ದು ಈ ಕೊನೆಯ ವಿನಾಯಿತಿ.

ಎಂಪೈರ್ ಸ್ಟೇಟ್ ಇದನ್ನು ಪೂರ್ತಿಯಾಗಿ ಬಳಸಿಕೊಂಡಿತು. ಸುಮಾರು ಎರಡು ಎಕರೆಯ ನಿವೇಶನವನ್ನು ಮೊದಲ ಐದು ಮಹಡಿಗಳು ತುಂಬಿಕೊಂಡಿವೆ. ಆರನೆಯದರಲ್ಲಿ ಕಟ್ಟಡ 60 ಅಡಿ ಹಿಂದಕ್ಕೆ ಸರಿಯುತ್ತದೆ. ಮುಂದಿನದು ವಾಸ್ತುಶಿಲ್ಪಿ ವಿಲಿಯಂ ಲ್ಯಾಂಬ್ ಅವರ ಜಾಣ್ಮೆ. ಕಿಟಕಿಯಿಂದ ಕಾರಿಡಾರಿಗೆ 28 ಅಡಿಗಿಂತ ಹೆಚ್ಚು ದೂರ ಇರಬಾರದೆಂಬುದು ಮಾಲೀಕರ ಷರತ್ತು, ಏಕೆಂದರೆ ಆಗ ಬಾಡಿಗೆ ಬರುತ್ತಿದ್ದುದು ಹಗಲು ಬೆಳಕು ಬೀಳುವ ಜಾಗಕ್ಕೆ. ಲಿಫ್ಟುಗಳೆಲ್ಲ ನಡುವಿನಲ್ಲಿ. ಕೆಳಗಿನ ಮಹಡಿಗಳ ಲಿಫ್ಟುಗಳು ಅಲ್ಲಲ್ಲೇ ನಿಂತುಬಿಡುವುದರಿಂದ ಮೇಲೆ ಹೋದಂತೆ ನಡುಭಾಗ ಕಿರಿದಾಗುತ್ತದೆ. ಅದರ ಜೊತೆಗೆ ಹೊರಗೋಡೆಯೂ ಒಳಸರಿಯುತ್ತದೆ. ಕಾನೂನಿಗೆ ಬೇಕಾದದ್ದೂ ಲೆಕ್ಕಕ್ಕೆ ಬೇಕಾದದ್ದೂ ಒಂದೇ ಆಯಿತು. 102 ಮಹಡಿಗಳ, 381 ಮೀಟರ್ ಎತ್ತರದ ಈ ಕಟ್ಟಡ 1931ರ ಮೇ 1ರಂದು ತೆರೆಯಿತು.

1961ರಲ್ಲಿ ನಿಯಮದ ಒತ್ತು ಬದಲಾಯಿತು. ನಿವೇಶನಕ್ಕೆ ಎಷ್ಟು ಪಟ್ಟು ಕಟ್ಟಬಹುದೆಂಬ ಅನುಪಾತ, ನಮ್ಮಲ್ಲಿಯೂ ಬಳಕೆಯಲ್ಲಿರುವ ಎಫ್‌ಎಆರ್, ಮುಖ್ಯವಾಯಿತು. ಮುಂದೆ ಬಯಲು ಬಿಟ್ಟವರಿಗೆ ಹೆಚ್ಚುವರಿ ಮಹಡಿಗಳ ಬಹುಮಾನ ಸಿಕ್ಕಿತು. ಮ್ಯಾನ್‌ಹಟನ್‌ನಲ್ಲಿ ನೆಟ್ಟನೆಯ ಗಾಜಿನ ಪೆಟ್ಟಿಗೆಗಳು ಸಾಲುಗಟ್ಟಿದವು. ನನಗೇನೋ ಹಳೆಯ ಮೆಟ್ಟಿಲುಗಳೇ ಚೆಂದ.